ಯೋಸೇಫನ ಕೌದಿ

ನಿನ್ನೆ ಬೆಳಿಗ್ಗೆ ಮಾಳಿಗೆಯ ಮೇಲೆ ಕೌದಿ ಒಣಹಾಕುತ್ತಿದ್ದೆ. ಪಕ್ಕದ ಮಾಳಿಗೆಯಲ್ಲಿ ಶಾವಿಗೆ ಹರವುತ್ತಿದ್ದ ಶರಣಮ್ಮನವರು ಕೆಲಸ ಅಲ್ಲಿಗೇ ಬಿಟ್ಟು ಗೋಡೆಯ ತನಕ ಬಂದರು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

“ಸರ್, ಇದು ಮೊಬೈಲಿನ್ಯಾಗ ಬಂದಿದ್ದ ಕೌದಿ ಅಲ್ರೀ?”

“ಹೌದ್ರಿ.”

“ಅಯ್ಯ, ಖರೇನ ಅದ ಐತಿ! ಆ ಹುಡುಗನ ಮೈಮ್ಯಾಲೆ ಎಷ್ಟು ಚೆಂದ ಕಾಣತಿತ್ತು. ಅದನ್ನ ಕಸಗೊಂಡು ಪಾಪ ಅವನ್ನ ಬಾವ್ಯಾಗ ಹಾಕಿದ್ರಲ್ರೀ ಆ ಹಾಳಾದ ಅಣ್ಣಗೋಳು! ನನಗಂತೂ ಮೊಬೈಲ್ ಒಳಗ ಕೈ ಹಾಕಿ ಬಡೀಬೇಕು ಅನ್ನಿಸಿಬಿಟ್ಟಿತ್ತು.”

ಆ ಹಾಳಾದ ಅಣ್ಣಗಳಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕೌದಿ ಕಸಿದುಕೊಂಡವನು ನಾನೇ. ಅದೇ ಮುಖ ಹೊತ್ತುಕೊಂಡು ಅವರ ಎದುರಿಗೆ, ಗೋಡೆಯ ಈಚೆ ನಿಂತಿದ್ದೆ. ಅವರು ಕೌದಿಯನ್ನು ಗುರುತು ಹಿಡಿದರು, ನನ್ನನ್ನು ಹಿಡಿಯಲಿಲ್ಲ. ನನಗೆ ಗಡ್ಡ ಅಂಟಿಸಿದ್ದರು ಎಂಬುದು ನಿಜ. ಆದರೂ ಹತ್ತು ವರ್ಷದ ನೆರೆಮನೆಯವರು, ಕಡೇಪಕ್ಷ ಮೂಗನ್ನಾದರೂ ಗುರುತಿಸಬಾರದೇ?

ಕೌದಿ ನನ್ನದಲ್ಲ, ನನ್ನ ತಮ್ಮ ವೀರೇಶನದು. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರು ಪದರಾಗಿ ಜೋಡಿಸಿ ಕೈಯಲ್ಲಿ ಹೊಲಿದ ಹೊದಿಕೆ. ನಮ್ಮ ಕಡೆಯ ಮನೆಗಳಲ್ಲಿ ಹತ್ತಾರು ಬಿದ್ದಿರುತ್ತವೆ, ಯಾರೂ ತಿರುಗಿ ನೋಡುವುದಿಲ್ಲ. ಅಂಥ ಒಂದು ವಸ್ತುವನ್ನು ತೆಗೆದುಕೊಂಡು ಹೋಗಿ ವೀರೇಶ ಊರಿಗೆಲ್ಲ ಪರಿಚಯ ಮಾಡಿಸಿದ. ಇಪ್ಪತ್ತು ವರ್ಷದಿಂದ ನಾಟಕ ಬರೆಯುತ್ತಿರುವ ನಾನು ಇನ್ನೂ ಸ್ಟಾಫ್ ರೂಮಿನಲ್ಲೇ ಪರಿಚಯ ಹೇಳಿಕೊಳ್ಳಬೇಕಾಗಿದೆ. ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ?

ನಾವು ಮೂಲತಃ ತುರ್ವಿಹಾಳದವರು. ನಾನು ಸಿಂಧನೂರಿನಲ್ಲಿ ಹೈಸ್ಕೂಲ್ ಕನ್ನಡ ಮಾಸ್ತರ. ಅವ್ವ ನನ್ನ ಜೊತೆಗಿದ್ದಾಳೆ. ವೀರೇಶ ಮಸ್ಕಿಯಲ್ಲಿ ಸ್ಟುಡಿಯೊ ಇಟ್ಟುಕೊಂಡು ಮದುವೆಗಳ ವಿಡಿಯೊ ತೆಗೆಯುತ್ತಾನೆ. ಅಳು ಬಾರದ ಹೆಣ್ಣಿನ ತಾಯಿಯನ್ನೂ ವಿಡಿಯೊದಲ್ಲಿ ಅಳುವಂತೆ ತೋರಿಸುವ ಕಲೆ ಅವನದು. ಮನೆಯಲ್ಲಿ ಕಲಾವಿದ ಎಂದರೆ ನಾನು, ಅವನು ಬರೀ ಕ್ಯಾಮೆರಾದವನು ಎಂಬ ಒಂದು ತಿಳಿವಳಿಕೆ ನಮ್ಮಲ್ಲಿತ್ತು. ಇತ್ತು ಎಂದು ನಾನು ತಿಳಿದಿದ್ದೆ. ಅವ್ವ ಏನು ತಿಳಿದಿದ್ದಳೋ ಗೊತ್ತಿಲ್ಲ, ಯಾಕೆಂದರೆ ನನ್ನ ಒಂದು ನಾಟಕವನ್ನೂ ಅವಳು ಕೊನೆಯ ತನಕ ನೋಡಿಲ್ಲ. ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸುತ್ತೇನೆ. ನಾಂದಿ ಮುಗಿಯುವುದರೊಳಗೆ ತಲೆ ವಾಲುತ್ತದೆ. ಎಬ್ಬಿಸಿ, ಹೇಗಿತ್ತು ಎಂದು ಕೇಳಿದರೆ “ಗದ್ದಲಿಲ್ಲದಂಗ ಚಲೋ ಆತಪ್ಪ” ಎನ್ನುತ್ತಾಳೆ.

ಹೀಗಿರುವಾಗ ಲಿಂಗಸುಗೂರಿನ ಒಂದು ಪ್ರಾರ್ಥನಾ ಮಂದಿರದ ಪಾಸ್ಟರ್ ದೇವಪುತ್ರಪ್ಪನವರು ವೀರೇಶನ ಸ್ಟುಡಿಯೊಕ್ಕೆ ಬಂದರು. ಅವರ ಮಗಳ ಮದುವೆಯ ವಿಡಿಯೊ ತೆಗೆದವನು ಇವನೇ. ಬೈಬಲ್ ಕತೆಗಳನ್ನು ಈ ಕಾಲದ, ಈ ನೆಲದ ಕತೆಗಳಂತೆ ಸಣ್ಣ ಸಣ್ಣ ಸೀರಿಯಲ್ ಮಾಡಿ ಮೊಬೈಲಿನಲ್ಲಿ ಬಿಡಬೇಕು ಎಂದು ಅವರ ಆಸೆ. ದೊಗಲೆ ನಿಲುವಂಗಿ, ಅಂಟಿಸಿದ ಗಡ್ಡ, ಮರಳುಗಾಡು ಯಾವುದೂ ಬೇಡ ಎಂದರಂತೆ. ಗಡ್ಡವೊಂದು ಆಮೇಲೆ ನನ್ನ ಪಾಲಿಗೆ ಹೇಗೋ ಉಳಿಯಿತು.

ಮೊದಲ ಕತೆ, ಬಂಡೆಯ ಮೇಲೆ ಮನೆ ಕಟ್ಟಿದವನು ಮತ್ತು ಮರಳಿನ ಮೇಲೆ ಕಟ್ಟಿದವನದು. ವೀರೇಶ ಒಬ್ಬನಿಂದ ಮಸ್ಕಿಯ ಗುಡ್ಡದ ಬುಡದಲ್ಲಿ ಮನೆ ಕಟ್ಟಿಸಿದ. ಇನ್ನೊಬ್ಬನಿಂದ ಕಾಲುವೆ ಪಕ್ಕದ ಎರೆ ಮಣ್ಣಿನಲ್ಲಿ ಕಟ್ಟಿಸಿದ. ಅಷ್ಟೇ. ಉಪದೇಶ ಏನೂ ಇಲ್ಲ. ಎರೆಯಲ್ಲಿ ಮನೆ ಕಟ್ಟಿ ಪ್ರತಿ ಬೇಸಿಗೆಗೆ ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತುವ ಸಿಂಧನೂರಿನ ಮಂದಿ ಅದನ್ನು ನೋಡಿ ಉಸಿರು ಬಿಟ್ಟರು. ನಮ್ಮ ಮನೆಯ ನಡುಮನೆಯ ಗೋಡೆಯೂ ಬಿರುಕು ಬಿಟ್ಟಿದೆ. ಅದನ್ನು ದಿನಾ ನೋಡುತ್ತ ಉಣ್ಣುವವನು ನಾನು. ಆ ಉಪಾಯ ನನಗೆ ಹೊಳೆಯಬೇಕಿತ್ತು!

ಎರಡನೆಯದು ದಾರಿಯಲ್ಲಿ ಬಿದ್ದವನನ್ನು ಎತ್ತಿಕೊಂಡವನ ಕತೆ. ಮಸ್ಕಿ ರಸ್ತೆಯಲ್ಲಿ ಒಬ್ಬ ಬೈಕಿನಿಂದ ಬಿದ್ದಿರುತ್ತಾನೆ. ಒಬ್ಬ ಲೀಡರಿನ ಕಾರು ನಿಲ್ಲದೆ ಹೋಗುತ್ತದೆ. ಆಮೇಲೆ ಒಬ್ಬ ಮಾಸ್ತರ, ಬಾರದ ಫೋನನ್ನು ಕಿವಿಗೆ ಹಿಡಿದು ಮಾತಾಡುತ್ತ ದಾಟಿ ಹೋಗುತ್ತಾನೆ. ಕೊನೆಗೆ ರೈಸ್ ಮಿಲ್ಲಿನ ಹಮಾಲಿಯೊಬ್ಬ ಎತ್ತಿಕೊಳ್ಳುತ್ತಾನೆ. ಮಾಸ್ತರನ ಹೆಗಲಲ್ಲಿ ಒಂದು ಬ್ಯಾಗಿತ್ತು. ಒಂದು ವಾರದಿಂದ ಮನೆಯಲ್ಲಿ ಕಾಣೆಯಾಗಿದ್ದ ನನ್ನ ಬ್ಯಾಗು ಅದು. ಅವ್ವನನ್ನು ಕೇಳಿದರೆ, “ಶೂಟಿಂಗಿಗೆ ಬೇಕಂತ ಒಯ್ದಾನ. ಮಾಸ್ತರ ಬ್ಯಾಗು ಮಾಸ್ತರಂಗ ಇರಬೇಕಲ್ಲೇನು?” ಎಂದಳು.

ಅವ್ವ ಈ ಎರಡನ್ನೂ ಎಚ್ಚರವಾಗಿ ಕೂತು ನೋಡಿದಳು. ನನ್ನ ಕಿಚ್ಚಿಗೆ ತುಪ್ಪ ಬಿದ್ದದ್ದು ಅಲ್ಲಿ.

ಮೂರನೆಯದಕ್ಕೆ ವೀರೇಶ ಯೋಸೇಫನ ಕತೆ ಆರಿಸಿಕೊಂಡ. ನಿಮಗೆ ಗೊತ್ತಿರಬಹುದು: ಯಾಕೋಬನಿಗೆ ಬಹಳ ಗಂಡುಮಕ್ಕಳು, ಅವರಲ್ಲಿ ಯೋಸೇಫನ ಮೇಲೆ ಹೆಚ್ಚಿನ ಪ್ರೀತಿ. ಅವನಿಗೊಬ್ಬನಿಗೇ ಬಣ್ಣಬಣ್ಣದ ನಿಲುವಂಗಿ ಹೊಲಿಸಿಕೊಡುತ್ತಾನೆ. ಅಣ್ಣಂದಿರು ಹೊಟ್ಟೆಕಿಚ್ಚಿನಿಂದ ಆ ಅಂಗಿ ಕಸಿದು, ಅವನನ್ನು ನೀರಿಲ್ಲದ ಬಾವಿಗೆ ಹಾಕಿ, ಆಮೇಲೆ ದೂರದೇಶಕ್ಕೆ ಹೊರಟ ವ್ಯಾಪಾರಿಗಳಿಗೆ ಮಾರುತ್ತಾರೆ. ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ಅಪ್ಪನ ಮುಂದೆ ಇಡುತ್ತಾರೆ.

ಈ ಕತೆ ನಾನು ಮೊದಲು ಕೇಳಿದ್ದು ತುರ್ವಿಹಾಳದ ಸಂತೆಯಲ್ಲಿ. ಬಟ್ಟೆಯ ಮೇಲೆ ಬರೆದ ಬಣ್ಣದ ಚಿತ್ರಗಳನ್ನು ಬೇವಿನ ಗಿಡಕ್ಕೆ ಇಳಿಬಿಟ್ಟು, ಕೋಲಿನಿಂದ ತೋರಿಸುತ್ತ ಒಬ್ಬರು ಹೇಳುತ್ತಿದ್ದರು. ವೀರೇಶ ಆಗ ಅವ್ವನ ಸೊಂಟದ ಮೇಲೆ ಕೂತು ಬೆಲ್ಲದ ಮಿಠಾಯಿ ಚೀಪುತ್ತಿದ್ದ. ನಾನು ನಡೆದುಕೊಂಡು ಬಂದಿದ್ದೆ. ಸುತ್ತಲಿದ್ದವರೆಲ್ಲ ಯೋಸೇಫನಿಗಾಗಿ ಲೊಚಗುಟ್ಟುತ್ತಿದ್ದರೆ, ನನಗೆ ಮಾತ್ರ ಆ ಅಣ್ಣಂದಿರು ಅಂಥಾದ್ದೇನು ಮಾಡಿದರು ಎನ್ನಿಸಿತ್ತು. ಆದ್ದರಿಂದ ಈ ಕತೆಯ ಮೇಲೆ ಹಕ್ಕು ನನ್ನದು. ಕೇಳಿದವನು ನಾನು, ಇವನು ಮಿಠಾಯಿ ತಿಂದವನು.

ನಿಲುವಂಗಿಯ ಜಾಗದಲ್ಲಿ ವೀರೇಶ ಕೌದಿ ತಂದ. ತನ್ನದೇ ಕೌದಿ. ಅದನ್ನು ಅವ್ವ ಹೊಲಿದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಆ ಚಳಿಗಾಲ ವೀರೇಶನಿಗೆ ಜ್ವರ ಬಂದು ಬಿಟ್ಟು, ಬಂದು ಬಿಟ್ಟು ಸಣಕಲಾಗಿದ್ದ. ಅವನಿಗೊಂದು ಬೆಚ್ಚನೆಯ ಕೌದಿ ಬೇಕೆಂದು ಅವ್ವ ಪಡಸಾಲೆಯಲ್ಲಿ ಹಳೆಯ ಬಟ್ಟೆಯ ಗಂಟು ಬಿಚ್ಚಿದಳು. ಅದರಲ್ಲಿ ನನ್ನ ಶಾಲೆಯ ನೀಲಿ ಅಂಗಿ, ನನ್ನ ಪಟ್ಟಿಪಟ್ಟಿ ಚಡ್ಡಿ, ಮತ್ತೆ ಯುಗಾದಿಗೆ ಹೊಲಿಸಿದ್ದ ನನ್ನ ಕೆಂಪು ಚೌಕಳಿ ಅಂಗಿ ಇದ್ದವು. ಚೌಕಳಿ ಅಂಗಿಯ ತೋಳು ಮೊಣಕೈಗೇ ಮುಗಿಯುತ್ತಿತ್ತು, ಒಪ್ಪುತ್ತೇನೆ. ಆದರೂ ನನಗೆ ಇನ್ನೂ ಆಗುತ್ತಿತ್ತು.

“ಯವ್ವಾ, ಅದು ನನಗ ಬರತೈತಿ ಬೇ!” ಎಂದು ಅತ್ತೆ.

“ನೀ ದೊಡ್ಡಾಂವ ಅದಿ,” ಎಂದು ಅವ್ವ ಕತ್ತರಿ ಹಾಕಿದಳು.

ದೊಡ್ಡವನು ಎಂಬ ಬಿರುದಿನ ಜೊತೆ ನನಗೆ ಸಿಕ್ಕದ್ದು ಒಂದು ಕರಿಯ ಕಂಬಳಿ. ಅದು ಚುಚ್ಚುತ್ತಿತ್ತು. ಪಕ್ಕದಲ್ಲಿ ವೀರೇಶ ನನ್ನ ಅಂಗಿಗಳನ್ನೆಲ್ಲ ಹೊದ್ದುಕೊಂಡು ಗೊರಕೆ ಹೊಡೆಯುತ್ತಿದ್ದ.

ಕೌದಿ ಹೊಲಿದು ಮುಗಿಸುವ ದಿನ ಅವ್ವ ಒಂದು ಶಾಸ್ತ್ರ ಮಾಡುತ್ತಿದ್ದಳು. ನಡುವೆ ಸ್ವಲ್ಪ ಜಾಗ ಹೊಲಿಯದೆ ಬಿಟ್ಟು, ಅದರೊಳಗೆ ಹೋಳಿಗೆಯ ಒಂದು ಚೂರು ಇಟ್ಟು, ಮೇಲೊಂದು ಹೊಸ ಬಟ್ಟೆಯ ತುಂಡು ಹಾಕಿ ಹೊಲಿದುಬಿಡುತ್ತಿದ್ದಳು. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಅಲ್ಲಿಗೆ ಕೌದಿ ಪೂರ್ತಿಯಾದಂತೆ.

“ಕೌದಿಗೂ ಹೊಟ್ಟಿ ಹಸೀತೈತೇನಬೇ?” ಎಂದು ಕೇಳಿದ್ದೆ.

“ಮತ್ತ? ಹಸಗೊಂಡ ಕೌದಿ ಹೊಚ್ಚಿಕೊಂಡ್ರ ಚಳಿ ಬಿಡಂಗಿಲ್ಲ.”

ಆ ದಿನ ಹೋಳಿಗೆಯಲ್ಲಿ ಮೊದಲ ತುತ್ತು ಕೌದಿಗೆ, ಎರಡನೆಯದು ವೀರೇಶನಿಗೆ, ಮೂರನೆಯದು ನನಗೆ. ತಮ್ಮನ ಮೇಲೆ ಹೊಟ್ಟೆಕಿಚ್ಚು ಪಡುವ ಅಣ್ಣಂದಿರು ಬಹಳ ಮಂದಿ ಇರಬಹುದು. ಕೌದಿಯ ಮೇಲೂ ಪಟ್ಟವನು ನಾನೊಬ್ಬನೇ ಇರಬೇಕು.

ಸೀರಿಯಲ್ಲಿಗೆ ಮರಳುತ್ತೇನೆ. ವೀರೇಶ ಮನೆಗೆ ಬಂದು “ಅಣ್ಣ, ಈ ಸಲ ಡೈಲಾಗ್ ನೀನ ಬರಿ” ಎಂದ. ಬೇಡ ಎನ್ನುವಷ್ಟು ಸ್ವಾಭಿಮಾನ ನನ್ನಲ್ಲಿರಲಿಲ್ಲ. ಕುಳಿತು ಬರೆದೆ. ಹಿರಿಯಣ್ಣನ ಬಾಯಲ್ಲಿ “ಎಲೈ ಅನುಜನೇ, ಪಿತೃವಾತ್ಸಲ್ಯದ ಪಕ್ಷಪಾತಕ್ಕೆ ಪಾತ್ರನಾದವನೇ” ಎಂದು ಶುರುವಾಗುವ ಒಂದು ಪುಟದ ಮಾತಿತ್ತು. ಅದನ್ನು ಬರೆದ ದಿನ ನನಗೇ ಮೈ ನವಿರೆದ್ದಿತ್ತು.

ಪಾಸ್ಟರ್ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು.

“ಸರ್, ತಪ್ಪು ತಿಳೀಬ್ಯಾಡ್ರಿ. ನಮ್ಮ ಹಳೇ ಬೈಬಲ್ ಕನ್ನಡ ಮಂದಿಗೆ ತಿಳಿಯಂಗಿಲ್ಲ ಅಂತ ಈ ಸೀರಿಯಲ್ ಮಾಡಾಕತ್ತೀವಿ. ಈಗ ನಿಮ್ಮ ಡೈಲಾಗ್ ತಿಳೀಬೇಕಂದ್ರ ಬೈಬಲ್ ತಗದು ನೋಡಬೇಕಾಗೈತ್ರಿ.”

ವೀರೇಶ ನಗಲಿಲ್ಲ. ನಕ್ಕಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. “ಅಣ್ಣ, ಹಂಗಾರ ನೀ ದೊಡ್ಡಣ್ಣನ ಪಾರ್ಟ್ ಮಾಡು. ಮಾತು ಭಾಳಿಲ್ಲ, ಮಾರಿ ತೋರಿಸಿದ್ರ ಸಾಕು,” ಎಂದ.

ಅವನ ಕತೆಯಲ್ಲಿ ಯಾಕೋಬ ದಢೇಸುಗೂರಿನ ಭತ್ತದ ರೈತ ಯಾಕಪ್ಪನಾಗಿದ್ದ. ಹತ್ತು ಅಣ್ಣಂದಿರನ್ನು ಹುಡುಕಲಾಗದೆ ನಾಲ್ವರಿಗೆ ಇಳಿಸಿದ್ದರು. ಅಣ್ಣಂದಿರು ಭತ್ತದ ರಾಶಿ ಕಾಯುವವರು. ದೂರದೇಶದ ವ್ಯಾಪಾರಿಗಳ ಬದಲು, ಸುಗ್ಗಿಗೆ ಬೇರೆ ರಾಜ್ಯದಿಂದ ಬರುವ ಕಟಾವು ಮಷೀನಿನವರು. ಮಷೀನಿನ ಜೊತೆ ಯೋಸೇಫನನ್ನೂ ಲಾರಿಗೆ ಹತ್ತಿಸಿ ಕಳಿಸಿಬಿಡುವುದು. ಇದನ್ನು ಕೇಳಿದಾಗ ನನಗೆ ಚೆನ್ನಾಗಿದೆ ಎನ್ನಿಸಿ ಬಾಯಿ ಕಹಿಯಾಯಿತು. ಆದರೆ ಒಂದು ತೊಡಕು ಬಂತು: ನೀರಿಲ್ಲದ ಬಾವಿ. ಸಿಂಧನೂರಿನ ಸುತ್ತ ಕಾಲುವೆಯ ನೀರಿಗೆ ಎಲ್ಲಿ ಅಗೆದರೂ ಜೌಗು. ದಢೇಸುಗೂರಿನ ಬಾವಿಗೆ ಹಾಕಿದರೆ ಯೋಸೇಫ ಈಜಿಕೊಂಡು ಮೇಲೆ ಬರುತ್ತಾನೆ. ವೀರೇಶ ಊರೂರು ಅಲೆಯುವುದನ್ನು ನೋಡಿ ನನಗೆ ಸ್ವಲ್ಪ ದಿನ ಊಟ ರುಚಿಸಿತು. ಕೊನೆಗೆ ಕಾಲುವೆ ಏರದ ಮಸ್ಕಿಯ ಖುಷ್ಕಿ ಹೊಲದಲ್ಲಿ ಒಂದು ಒಣಬಾವಿ ಸಿಕ್ಕೇಬಿಟ್ಟಿತು.

ಶೂಟಿಂಗಿನ ದಿನ ಅವ್ವ ಎಲ್ಲರಿಗೂ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ನಾನು ಯೋಸೇಫನ ಹೆಗಲಿನಿಂದ ಕೌದಿ ಕಸಿದು, ಪರ್ರೆಂದು ಹರಿದು, ಕೆಂಪು ನೀರಿನಲ್ಲಿ ಅದ್ದಬೇಕು. ಹರಿಯಬೇಕು ಎಂದು ಹೇಳಿದ್ದು ಸ್ವತಃ ವೀರೇಶ. ನನಗೆ ಕೇಳಿ ರೋಮಾಂಚನವಾಗಿತ್ತು. ಆ ಕೌದಿಯನ್ನು ಹರಿಯುವುದು, ಅದೂ ಕೌದಿಯ ಒಡೆಯನ ಅಪ್ಪಣೆಯಿಂದ, ಕ್ಯಾಮೆರಾದ ಮುಂದೆ, ಕಲೆಯ ಹೆಸರಿನಲ್ಲಿ! ಮನೆಯಲ್ಲಿ ಒಂದು ಹಳೆಯ ಟವೆಲಿನ ಮೇಲೆ ತಾಲೀಮು ಕೂಡ ಮಾಡಿದ್ದೆ. ಟವೆಲು ಹರಿಯಲಿಲ್ಲ, ನನ್ನ ರಟ್ಟೆ ಹಿಡಿದುಕೊಂಡಿತು.

ಗಡ್ಡ ಅಂಟಿಸಿಕೊಂಡು ನಾನು ಎರಡು ಕೈಯಲ್ಲಿ ಕೌದಿ ಹಿಡಿದದ್ದೇ ತಡ, ಅವ್ವ ಬೇವಿನ ನೆರಳಿನಿಂದ ಎದ್ದು ಬಂದಳು.

“ಏ, ಏನ್ ಮಾಡಾಕತ್ತೀಯಲೇ?”

“ಹರೀತೀನಿ ಬೇ. ಕತಿಯಾಗ ಐತಿ.”

“ಕತಿಯಾಗ ಇದ್ರ ಕತಿಯಾಗ ಹರಕೋರಿ. ಇದು ಹೊಟ್ಟಿ ತುಂಬಿಸಿದ ಕೌದಿ. ಉಂಡ ಕೌದಿ ಹರಿಯಾಕ ಆಗಂಗಿಲ್ಲ.”

“ಯವ್ವ, ಆಮ್ಯಾಲೆ ಹೊಲದ್ರಾತು ಬಿಡಬೇ,” ಎಂದ ವೀರೇಶ.

“ನೀ ಹೊಟ್ಟಿ ತುಂಬಸದ ಹೊಸಾದು ತರಬೇಕಿತ್ತು. ಅಷ್ಟೂ ತಿಳಿಯಂಗಿಲ್ಲ, ಸೀರಿಯಲ್ ಮಾಡ್ತಾನ!”

ಉಳಿದ ಮೂವರು ಅಣ್ಣಂದಿರು, ಅವರೆಲ್ಲ ಪಾಸ್ಟರರ ಕಡೆಯವರೇ, ಕೈಕಟ್ಟಿ ಹಿಂದೆ ಸರಿದರು. “ಯಮ್ಮ ಹೇಳೋದು ಬರೋಬರಿ ಐತ್ರಿ. ನಮ್ಮನಿಯಾಗೂ ಹರಿಯಂಗಿಲ್ಲ,” ಎಂದ ಒಬ್ಬ. ತಮ್ಮನನ್ನು ಬಾವಿಗೆ ನೂಕಲು ತಯಾರಿದ್ದವರು ಕೌದಿಗೆ ಕೈ ಹಚ್ಚಲು ಒಪ್ಪಲಿಲ್ಲ. ಕ್ಯಾಮೆರಾ ನಿಂತಿತು. ಹೊತ್ತು ಏರುತ್ತಿತ್ತು. ನಾನು ಮಾತ್ರ ಕೌದಿಯನ್ನು ಬಿಡದೆ ಹಿಡಿದುಕೊಂಡೇ ನಿಂತಿದ್ದೆ.

ಆಗ ಪಾಸ್ಟರ್ ಮೊಬೈಲಿನಲ್ಲಿ ಬೈಬಲ್ ತೆಗೆದು, ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿ ಹೇಳಿದರು: “ವೀರೇಶ, ಅಣ್ಣಗಳು ಹರದ್ರು ಅಂತ ಇಲ್ಲೆಲ್ಲೂ ಇಲ್ಲಪ. ಕಸಗೊಂಡ್ರು, ರಕ್ತದಾಗ ಅದ್ದಿದ್ರು, ಅಷ್ಟ. ಬಟ್ಟಿ ಹರಕೊಂಡಾಂವ ಅಪ್ಪ. ಅದೂ ತನ್ನ ಬಟ್ಟಿ, ಮಗನ ದುಃಖದಾಗ.”

ಎಲ್ಲರಿಗೂ ಸಮಾಧಾನವಾಯಿತು. ಅವ್ವ ಪಾಸ್ಟರರನ್ನು ಮೆಚ್ಚಿಕೊಂಡು ಇನ್ನೊಂದು ರೊಟ್ಟಿ ಹಾಕಿದಳು. ನನಗೆ ಮಾತ್ರ ಅಷ್ಟು ವರ್ಷಗಳಿಂದ ಕಾದು ಕೈಗೆ ಬಂದದ್ದು ಧರ್ಮಗ್ರಂಥವೇ ಅಡ್ಡ ಬಂದು ತಪ್ಪಿಹೋಯಿತು.

ಆ ಸಿಟ್ಟಿನಲ್ಲೇ ಶಾಟ್ ಕೊಟ್ಟೆ. ಲಿಂಗಸುಗೂರಿನ ಕಾಲೇಜು ಹುಡುಗ ಯೋಸೇಫನಾಗಿ ಕೌದಿ ಹೊದ್ದು ನಗುತ್ತ ಬಂದ. ಅವನ ಎಡಹೆಗಲಿನ ಮೇಲೆ ನನ್ನ ಕೆಂಪು ಚೌಕಳಿ ಅಂಗಿಯ ತುಂಡು ಸರಿಯಾಗಿ ಕಾಣುತ್ತಿತ್ತು. ಬಣ್ಣ ಮಾಸಿದೆ, ಆದರೂ ಅದೇ. ನಾನು ಹೋದೆ, ಕಸಿದುಕೊಂಡೆ. ಅಷ್ಟೇ ನನಗೆ ಗೊತ್ತು. ಹುಡುಗ ಹೆದರಿ ನಿಜವಾಗಿಯೇ ಹಿಂದಕ್ಕೆ ಬಿದ್ದ. ವೀರೇಶ ಕಟ್ ಎನ್ನಲು ಬಹಳ ಹೊತ್ತು ಮಾಡಿದ. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಲಾಜೀವನದಲ್ಲಿ ನಾನು ಕೇಳಿದ, ಯಾರೂ ಹೇಳಿ ಹೊಡೆಸದ ಮೊದಲ ಚಪ್ಪಾಳೆ ಅದು.

ಸಂಜೆ ವೀರೇಶನ ಹಳೆಯ ವ್ಯಾನಿನಲ್ಲಿ ಸಿಂಧನೂರಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅವ್ವ, ಅವಳ ತೊಡೆಯ ಮೇಲೆ ಮೂಲೆ ಕೆಂಪಾದ ಕೌದಿ. ವೀರೇಶ ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಲೇ ಹೇಳಿದ:

“ಅಣ್ಣ, ನಿನ್ನ ಮಾರಿ ನೋಡಿ ನನಗ ಕಟ್ ಅನ್ನೋದ ಮರತು ಹೋತು.”

“ಅದಕ್ಕ ಅಭಿನಯ ಅಂತಾರ,” ಎಂದೆ.

“ಅಭಿನಯ ಅಲ್ಲ ಬಿಡು. ಅದಕ್ಕ ನಿನ್ನ ಕರದಿದ್ದು.” ಗೇರು ಬದಲಿಸಿ ಮತ್ತೆ ಹೇಳಿದ. “ಆ ಅಣ್ಣಗಳ ಮಾತು ನಾನ ಬರದೀನಿ. ಒಂದ ಸಲಕ್ಕ ಕುಂತು ಬರದೆ, ತಡೀಲೇ ಇಲ್ಲ. ಯೋಸೇಫನ ಮಾತು ಮಾತ್ರ ಏನ್ ಮಾಡಿದ್ರೂ ಬರಲಿಲ್ಲ. ಪಾಸ್ಟರ್ ಕಡೆ ಬರಸಿದೆ.”

“ಯಾಕ? ನೀನ ಅಲ್ಲೇನು ಯೋಸೇಫ?”

“ನಾ ಯಾವಾಗ ಯೋಸೇಫ ಆಗಿದ್ದೆ?” ಎಂದು ನನ್ನ ಕಡೆ ತಿರುಗಿದ. “ನೀ ತೊಟ್ಟು ಬಿಟ್ಟ ಅಂಗಿ ನಾ ತೊಟ್ಟೆ. ನಾ ತೊಟ್ಟು ಹರದಿದ್ದು ಕೌದಿ ಆತು. ಹಗಲೆಲ್ಲ ನಿನ್ನ ಅಂಗಿ, ರಾತ್ರಿ ಹೊಚ್ಚಿಕೊಂಡ್ರ ಮತ್ತ ನಿನ್ನ ಅಂಗಿ. ಯುಗಾದಿಗೆ ಟೇಲರ್ ನಿನ್ನ ಅಳತಿ ತಗೊಳ್ಳುವಾಗ ನಾ ಅವನ ಅಂಗಡಿ ಕಟ್ಟಿ ಮ್ಯಾಲೆ ಕುಂತು ನೋಡ್ತಿದ್ದೆ. ಒಂದ ಸಲಾನೂ ಆ ಟೇಪು ನನ್ನ ಮೈಗೆ ಹತ್ತಲಿಲ್ಲ. ‘ನೀ ಸಣ್ಣಾಂವ ಅದಿ, ಅಣ್ಣಂದು ಬರತೈತಿ’ ಅನ್ನೋರು. ಈ ಕತಿ ಯಾಕ ಆರಿಸಿದಿ ಅಂತ ಪಾಸ್ಟರೂ ಕೇಳಿದ್ರು. ಆ ಹೊಟ್ಟಿಕಿಚ್ಚು ನನಗ ಗೊತ್ತೈತ್ರಿ ಅಂದೆ.”

ಆ ಕಟ್ಟೆ ನನಗೆ ನೆನಪಿದೆ. ಅದರ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದ ಹುಡುಗನೂ ನೆನಪಿದ್ದಾನೆ. ಅವನು ಏನು ನೋಡುತ್ತಿದ್ದ ಎಂದು ಮಾತ್ರ ನಾನು ಎಂದೂ ಯೋಚಿಸಿರಲಿಲ್ಲ. ನನಗೆ ಮರುಕ ಬಂತು. ನಿಜವಾಗಿ ಬಂತು, ಅರ್ಧ ದಾರಿಯ ತನಕ ಹಾಗೇ ಇತ್ತು. ಆಮೇಲೆ ಇನ್ನೊಂದು ಶುರುವಾಯಿತು. ಮಿಕ್ಕಿದ್ದೆಲ್ಲ ಅವನ ಪಾಲಿಗೆ ಹೋದರೂ ಹೊಟ್ಟೆಕಿಚ್ಚೊಂದಾದರೂ ನನ್ನ ಸ್ವಂತದ್ದು ಎಂದು ತಿಳಿದಿದ್ದೆ. ಅದರಲ್ಲೂ ಇವನು ನನಗಿಂತ ಮುಂದೆ. ನಾನು ನನ್ನದನ್ನು ಇಷ್ಟು ವರ್ಷ ಬರೀ ಸಾಕಿಕೊಂಡು ಬಂದೆ. ಅವನು ತನ್ನದರಿಂದ ಒಂದು ಸೀರಿಯಲ್ ಮಾಡಿದ.

ಕಂತು ಬಂದ ದಿನ ಅವ್ವನ ಕೈಗೆ ಮೊಬೈಲ್ ಕೊಟ್ಟು ಎದುರಿಗೆ ಕುಳಿತೆ. ಅವಳು ನಿದ್ದೆ ಮಾಡಲಿಲ್ಲ. ರೆಪ್ಪೆ ಕೂಡ ಬಡಿಯಲಿಲ್ಲ. ನಾನು ಇರುವ ಒಂದು ಕತೆಯನ್ನು ಅವ್ವ ಮೊದಲ ಸಲ ಕೊನೆಯ ತನಕ ನೋಡಿದಳು. ನನ್ನ ಎದೆ ಉಬ್ಬಿತು.

“ಹೆಂಗ ಮಾಡೀನಿ ಬೇ?”

“ಕೌದಿ ಹೊಲದ ದಿನಾನೂ ಹಿಂಗ ಮಾರಿ ಮಾಡಿದ್ದಿ,” ಎಂದಳು. ಆಮೇಲೆ ಮೊಬೈಲ್ ವಾಪಸ್ ಕೊಡುತ್ತ, “ಆ ಕೌದಿಗೆ ಏನ್ ಮಾಡತಾರೋ ಅಂತ ಜೀವ ಕೈಯಾಗ ಹಿಡಕೊಂಡಿದ್ದೆ ನೋಡು, ನಿದ್ದಿನ ಬರಲಿಲ್ಲ,” ಎಂದಳು.

ಕೆಂಪು ಬಣ್ಣ ತೊಳೆಯಲೆಂದು ಕೌದಿ ನಮ್ಮ ಮನೆಯಲ್ಲೇ ಉಳಿದಿತ್ತು. 

ಇವತ್ತು ಬೆಳಿಗ್ಗೆ ವೀರೇಶ ಫೋನು ಮಾಡಿದ. ಮುಂದಿನ ಕಂತಿನಲ್ಲಿ ಯಾಕಪ್ಪ ಮಗನ ನೆನಪಿಗೆ ಆ ಕೌದಿಯನ್ನೇ ಹೊದ್ದು ಮಲಗಿರುತ್ತಾನಂತೆ. ಅದೂ ಚೆನ್ನಾಗಿಯೇ ಇತ್ತು, ಹಾಳಾದದ್ದು.

“ಅಣ್ಣ, ಕೌದಿ ಒಣಗೇತಿಲ್ಲ? ಒಯ್ಯಾಕ ಬರ್ತೀನಿ.”

“ಇಲ್ಲಪ, ಇನ್ನೂ ಹಸಿ ಐತಿ.”

“ಈ ಬಿಸಲಾಗ?”

“ದಪ್ಪನ್ನ ಕೌದಿ. ಒಳಗ ಹಸಿ ಇರತೈತಿ. ನಾಕು ದಿನ ಬಿಟ್ಟು ಬಾ.”

ಫೋನು ಇಟ್ಟೆ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ ಮೊರದಿಂದ ತಲೆ ಎತ್ತಲಿಲ್ಲ.

“ಹಂಗಾರ ನಿನ್ನಿ ರಾತ್ರಿ ಹಸಿ ಕೌದೀನ ಹೊಚ್ಚಿಕೊಂಡು ಮಕ್ಕೊಂಡಿದ್ದೇನು, ಇಂಥಾ ಸೆಕಿಯಾಗ?”

ಅವಳು ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು.

“ಆ ಕೌದಿ ಹೊಟ್ಟಿ ಒಂದು ಚೂರು ಹೋಳಿಗಿಗೆ ತುಂಬಿತ್ತು. ನಿಂದು ಯಾವಾಗ ತುಂಬತೈತೋ ಯಪ್ಪಾ.”

ಎದ್ದು ಮಾಳಿಗೆಗೆ ಹೋದೆ. ಬೆಳಗಾಗುತ್ತಲೇ ಮತ್ತೆ ಹರವಿದ್ದ ಕೌದಿ ಬಿಸಿಲಿಗೆ ಹಪ್ಪಳದಂತೆ ಒಣಗಿತ್ತು. ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸುವವನು ನಾನು. ಶರಣಮ್ಮನವರು ಆಚೆ ಮಾಳಿಗೆಯಲ್ಲಿ ಇಲ್ಲವೆಂದು ನೋಡಿಕೊಂಡು, ಒಂದು ಚೊಂಬು ನೀರು ತಂದು ಕೌದಿಗೆ ಚಿಮುಕಿಸಿ ಬಂದೆ.